ಪೈಲ್ವಾನರ ಮನೆಯ ಹೆಬ್ಬಾತಿನ ಮರಿ

ಪೈಲ್ವಾನ್ ದ್ಯಾವಣ್ಣನ ಗರಡಿ ಮನೆಯ ಹಿತ್ತಿಲಲ್ಲಿ ಹೆಬ್ಬಾತುಗಳ ಒಂದು ಗುಂಪಿತ್ತು. ಗುರುತಿಲ್ಲದವರು ಬೇಲಿ ದಾಟಿದರೆ ಅವು ಕತ್ತು ಚಾಚಿ ಅಟ್ಟಿಸಿಕೊಂಡು ಬರುತ್ತಿದ್ದವು. ಕಾವಲಿಗೆ ಇವುಗಳ ಮುಂದೆ ಯಾವ ನಾಯಿಯೂ ಸಾಟಿಯಲ್ಲ ಎಂದು ದ್ಯಾವಣ್ಣ ಹೇಳಿಕೊಂಡು ತಿರುಗುತ್ತಿದ್ದ. ಆ ವರ್ಷ ಮೊಟ್ಟೆಯೊಡೆದ ಮರಿಗಳಲ್ಲಿ ಒಂದರ ಕಾಲುಗಳಿಗೆ ಬಲವಿರಲಿಲ್ಲ. ನಿಲ್ಲಲು ಹೋದರೆ ಒಂದು ಕಾಲು ಅತ್ತ, ಒಂದು ಕಾಲು ಇತ್ತ ಜಾರಿ, ಹೊಟ್ಟೆ ನೆಲಕ್ಕೆ ತಾಗುವಂತೆ ಬೀಳುತ್ತಿತ್ತು. ತಾಯಿ ಸ್ವಲ್ಪ ಹೊತ್ತು ಕಾದು ನೋಡಿತು. ಆಮೇಲೆ ಉಳಿದ ಮರಿಗಳನ್ನು ಕರೆದುಕೊಂಡು ಕೆರೆಯ ಕಡೆ ಹೊರಟುಹೋಯಿತು.

ದ್ಯಾವಣ್ಣ ಮರಿಯನ್ನು ಅಂಗೈ ಮೇಲೆ ಎತ್ತಿಕೊಂಡ. ಆ ಸೀಮೆಯ ದೊಡ್ಡ ದೊಡ್ಡ ಜಟ್ಟಿಗಳನ್ನು ಚಿತ್ ಮಾಡಿದ ಅಂಗೈ ಅದು. "ನನ್ನ ಕೈಲಿ ಪಳಗಿದೋನು ಯಾವೋನೂ ಬಡಕಲಾಗಿ ಉಳ್ದಿಲ್ಲ" ಎಂದು ಹೆಂಡತಿ ಜವರಮ್ಮನ ಮುಂದೆ ಎದೆಯುಬ್ಬಿಸಿದ. "ಇದ್ನೂ ಪೈಲ್ವಾನ್ ಮಾಡ್ತೀನಿ, ನೋಡ್ತಿರು."

"ಮೊದ್ಲು ಅದು ಹೆಬ್ಬಾತು ಆಗ್ಲಿ" ಎಂದಳು ಜವರಮ್ಮ. ಗಂಡನ ಹಳೆಯ ಲಂಗೋಟಿಯಿಂದ ಮೆದುವಾದ ಪಟ್ಟಿಯೊಂದನ್ನು ಹರಿದು, ಮರಿಯ ಕಾಲುಗಳು ಜಾರದ ಹಾಗೆ ನಡುವೆ ಚೂರು ಅಂತರ ಬಿಟ್ಟು ಸಡಿಲವಾಗಿ ಕಟ್ಟಿದಳು.

ಆರೈಕೆ ಶುರುವಾಯಿತು. ದ್ಯಾವಣ್ಣನಿಗೆ ಗೊತ್ತಿದ್ದದ್ದು ಒಂದೇ ಆರೈಕೆ, ಗರಡಿಯ ಆರೈಕೆ. ನೆನೆಸಿದ ಬಾದಾಮಿಯನ್ನು ತಾನೇ ಅರೆದ, ಅದಕ್ಕೆ ತುಪ್ಪ ಕಲಸಿದ, ಉಂಡೆ ಕಟ್ಟಿ ಮರಿಯ ಕೊಕ್ಕಿಗಿಟ್ಟ. ಬುಟ್ಟಿಯಲ್ಲಿ ಹತ್ತಿ ಹಾಸಿ ಮಲಗಿಸಿದ. ಮರಿ ಏಳಲು ಹೋಗಿ ವಾಲಿದರೆ ಸಾಕು, ಅದು ನೆಲ ಮುಟ್ಟುವ ಮೊದಲೇ ಅವನ ಕೈ ಅದರ ಹೊಟ್ಟೆಯ ಕೆಳಗಿರುತ್ತಿತ್ತು. ತಾಲೀಮಿಗೆ ಹೋಗುವಾಗಲೂ ಅದು ಅವನ ಹೆಗಲ ಮೇಲೆಯೇ. "ಉಸ್ತಾದ್ರಿಗೆ ಹೊಸ ಶಿಷ್ಯ ಸಿಕ್ಕವ್ನೆ" ಎಂದು ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅವನಿಗೆ ಅದೂ ಹೆಮ್ಮೆಯೇ.

ಮರಿ ದಿನದಿನಕ್ಕೂ ಗುಂಡಗಾಯಿತು. ಜವರಮ್ಮ ಪಟ್ಟಿ ಬಿಚ್ಚಿದಳು, ಕಾಲುಗಳು ನೆಟ್ಟಗಾಗಿದ್ದವು. ಆದರೆ ಮರಿ ಮಾತ್ರ ನಡೆಯಲಿಲ್ಲ. ಮಹಾರಾಜರ ಹಾಗೆ ಕೂತಲ್ಲೇ ಕೂತು, ಬೇಕಾದಾಗ ಕೂಗಿ ದ್ಯಾವಣ್ಣನನ್ನು ಕರೆಯುತ್ತಿತ್ತು. ಅದರ ಜೊತೆಯ ಮರಿಗಳಿಗೆ ಗರಿ ಬಂದಿತ್ತು, ಅವು ಸಾಲು ಹಿಡಿದು ಕೆರೆಗೆ ಹೋಗಿಬರುತ್ತಿದ್ದವು.

"ಬಾದಾಮಿ ಸಾಲ್ದು ಅನ್ಸುತ್ತೆ" ಎಂದ ದ್ಯಾವಣ್ಣ, ಮುಖ ಸಪ್ಪಗೆ ಮಾಡಿಕೊಂಡು.

ಜವರಮ್ಮ ತುಪ್ಪದ ಗಿಂಡಿಯನ್ನು ಅವನ ಕೈಯಿಂದ ಇಸಿದುಕೊಂಡಳು. "ಗರಡೀಲಿ ಹುಡುಗ್ರು ಬಿದ್ರೆ ಏನ್ ಮಾಡ್ತೀರ?"

"ಬೀಳ್ಲಿ ಅಂತೀನಿ. ಬೀಳ್ದೆ ಕುಸ್ತಿ ಹೆಂಗೆ ಬತ್ತದೆ?"

"ಮತ್ತೆ ಇದ್ನ ಯಾಕೆ ಬೀಳಕ್ಕೆ ಬುಡಲ್ಲ?"

"ಇದು ಕೂಸು ಕಣೆ."

"ಅವ್ರೂ ಯಾರ್ದೋ ಕೂಸುಗಳೇ. ಮೈ ಹಿಂಗೇ ಭಾರ ಆಗ್ತಾ ಹೋದ್ರೆ ಆ ಕಾಲು ಹೊರ್ತದಾ? ಕಾಲು ಹೋದ ಬಾತು ಉಳಿಯಲ್ಲ, ತಿಳ್ಕಳಿ."

ದ್ಯಾವಣ್ಣ ಮರಿಯ ಗುಂಡು ಮೈಯನ್ನೂ ಸಣ್ಣ ಕಾಲುಗಳನ್ನೂ ನೋಡಿದ. ತಾನು ಪ್ರೀತಿಯಿಂದಲೇ ಅದನ್ನು ಕೊಲ್ಲುತ್ತಿದ್ದೇನೆ ಎಂಬುದು ಅವನಿಗೆ ಅರ್ಥವಾಯಿತು.

ಮರುದಿನ ಬೆಳಗ್ಗೆಯಿಂದ ಬಾದಾಮಿ ನಿಂತಿತು. ಅವನು ಅಖಾಡದ ಕೆಂಪು ಮಣ್ಣನ್ನು ಚೆನ್ನಾಗಿ ಸಡಿಲಿಸಿ, ಮರಿಯನ್ನು ಅದರ ನಡುವೆ ಬಿಟ್ಟ. ಸ್ವಲ್ಪ ದೂರದಲ್ಲಿ ಎಳೆಯ ಗರಿಕೆ ಇಟ್ಟು, ತಾನು ಅಂಚಿನಲ್ಲಿ ಕೂತ. ಮರಿ ಅವನನ್ನೇ ನೋಡುತ್ತ ಕೂಗಿತು. ಅವನು ಏಳಲಿಲ್ಲ. ಕೊನೆಗೆ ಅದೇ ಎದ್ದು, ಎರಡು ಹೆಜ್ಜೆ ಹಾಕುವಷ್ಟರಲ್ಲಿ ಕೊಕ್ಕು ಮಣ್ಣಿಗೆ ನಾಟುವಂತೆ ಬಿತ್ತು. ದ್ಯಾವಣ್ಣನ ಕೈ ತಾನಾಗಿಯೇ ಮುಂದೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಜವರಮ್ಮ ಕೆಮ್ಮಿದಳು. ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಸಿಗಿಸಿಕೊಂಡ.

ಎಂತೆಂಥ ಜಟ್ಟಿಗಳ ಪಟ್ಟು ಬಿಡಿಸಿಕೊಂಡವನಿಗೆ ತನ್ನ ಕೈಗಳನ್ನು ಹಿಡಿದಿಟ್ಟುಕೊಳ್ಳುವುದರೊಳಗೆ ಬೆವರು ಕಿತ್ತು ಬಂತು. ಮರಿ ಬಿತ್ತು, ಎದ್ದಿತು, ಮತ್ತೆ ಬಿತ್ತು. ಕೂಗಿ ಕೂಗಿ ಅದರ ದನಿ ಒಡೆಯಿತು. ಹುಡುಗರು ತಾಲೀಮು ನಿಲ್ಲಿಸಿ ಸುತ್ತ ನಿಂತರು, ಯಾರೂ ನಗಲಿಲ್ಲ. ಬಿಸಿಲು ಏರುವ ಹೊತ್ತಿಗೆ ಅದು ನಡುಗುತ್ತ, ವಾಲುತ್ತ ಹೋಗಿ ಗರಿಕೆಗೆ ಬಾಯಿ ಹಾಕಿತು. ದ್ಯಾವಣ್ಣನ ಕಣ್ಣಲ್ಲಿ ನೀರಾಡಿತು.

ಅಂದಿನಿಂದ ದಿನವೂ ಗರಿಕೆ ಸ್ವಲ್ಪ ಸ್ವಲ್ಪ ದೂರ ಸರಿಯಿತು. ಅಖಾಡ ದಾಟಿ ಜಗುಲಿಗೆ ಬಂತು, ಜಗುಲಿ ದಾಟಿ ಹಿತ್ತಿಲಿಗೆ ಬಂತು. ಮರಿಯ ಮೈ ಇಳಿದು ತೊಡೆ ಗಟ್ಟಿಯಾಯಿತು.

ಒಂದು ಬೆಳಗ್ಗೆ ಹೆಬ್ಬಾತುಗಳ ಸಾಲು ಕೆರೆಗೆ ಹೊರಟಿತ್ತು. ಮರಿ ಆ ಸಾಲನ್ನು ನೋಡಿತು, ದ್ಯಾವಣ್ಣನನ್ನು ನೋಡಿತು. ಆಮೇಲೆ ರೆಕ್ಕೆ ಬಡಿಯುತ್ತ ಓಡಿತು. ಏರಿಯ ಮೇಲೆ ಮುಗ್ಗರಿಸಿ ಬಿತ್ತು. ತಿರುಗಿ ನೋಡಲೂ ಇಲ್ಲ, ಕೂಗಲೂ ಇಲ್ಲ. ತಾನೇ ಎದ್ದು ಮೈ ಕೊಡವಿಕೊಂಡು, ಸಾಲಿನ ಕೊನೆಯಲ್ಲಿ ಸೇರಿಕೊಂಡು ನೀರಿಗಿಳಿಯಿತು.

ದ್ಯಾವಣ್ಣ ಏರಿಯ ಮೇಲೆ ಬಹಳ ಹೊತ್ತು ನಿಂತಿದ್ದ. ಎಷ್ಟೋ ಕುಸ್ತಿ ಗೆದ್ದಿದ್ದರೂ ಅಷ್ಟು ಹೆಮ್ಮೆ ಅವನಿಗೆ ಎಂದೂ ಆಗಿರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ತನ್ನ ಮರಿಯನ್ನು ಬೆರಳು ಮಾಡಿ ತೋರಿಸಿದ.

"ಏನ್ ಮಾಡಿ ಸರಿ ಮಾಡಿದ್ರಿ ಉಸ್ತಾದ್ರೆ?" ಎಂದು ಒಬ್ಬ ಕೇಳಿದ.

"ಏನೂ ಮಾಡ್ದೆ ಕೂತಿದ್ದೆ ಕಣಯ್ಯ" ಎಂದ ದ್ಯಾವಣ್ಣ, ಮೀಸೆ ತಿರುವುತ್ತ. "ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕುಸ್ತಿ ಇನ್ನೊಂದು ಆಡಿಲ್ಲ."

ನೀತಿ: ಮಕ್ಕಳೇ, ಬಿದ್ದವರನ್ನು ಎತ್ತಿಕೊಳ್ಳುವುದು ಪ್ರೀತಿ. ಅವರು ತಾವೇ ಏಳುವವರೆಗೆ ಕೈ ಕಟ್ಟಿಕೊಂಡು ಪಕ್ಕದಲ್ಲೇ ಕೂತಿರುವುದು ಅದಕ್ಕಿಂತ ದೊಡ್ಡ ಪ್ರೀತಿ. ನಾವು ಸಾಕಿದ್ದು ನಮ್ಮ ಕೈ ಹುಡುಕದೆ ನಡೆದುಹೋದ ದಿನ, ಹೆಮ್ಮೆಯಿಂದ ಮೀಸೆ ತಿರುವಬಹುದು.