ಮುಟ್ಟದೆ ತೆರೆಯೋ ದಾರಿ

ಒಂದಾನೊಂದು ಕಾಲದಲ್ಲಿ, ತೀರಾ ಹಿಂದೇನಲ್ಲ ಪುಟ್ಟೀ, ದೋಣಿಗಳಿಗೆ ವೈರ್‌ಲೆಸ್ಸು ಬಂದಮೇಲಿನ ಕಾಲ, ಕಡಲ ದಂಡೇಲಿ ಜಟ್ಟಪ್ಪ ಅಂತ ಒಬ್ಬ ಮೀನುಗಾರ ಇದ್ದನಂತೆ. ಅವನಿಗೆ ಮೂರು ಮಕ್ಕಳಂತೆ. ದೊಡ್ಡವನು ಬೀರ, ನಡುವಿನವನು ಹೊನ್ನ, ಕೊನೇದು ಮಾದೇವಿ. ಮಾದೇವಿ ಪೇಟೇಲಿ ರೇಡಿಯೋ ರಿಪೇರಿ ಕಲಿತವಳು.

ಒಂದಿನ ಬೆಳಿಗ್ಗೆ ಜಟ್ಟಪ್ಪ ಕಡಲಿಗಿಳಿದ, ಆಮೇಲೆ ಮಂಜು ಕವೀತು, ಆಮೇಲೆ ಎಂಜಿನ್ನು ಕೆಟ್ಟು ದೋಣಿ ಎತ್ತಲೋ ತೇಲಿಹೋಯ್ತಂತೆ. ಮನೇಲಿದ್ದ ವೈರ್‌ಲೆಸ್ಸಲ್ಲಿ ಬರೀ ಸೊರ್ ಅನ್ನೋ ಸದ್ದು, ಅದರೊಳಗೆಲ್ಲೋ ಅಪ್ಪನ ದನಿ, ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸಣ್ಣಗೆ. ಹುಡುಕೋಕೆ ಹೊರಟ ಊರವರು, ಯಾವ ದಿಕ್ಕಿಗೆ ಹೋಗೋದು ಹೇಳಿ ಅಂತ ಅಂಗಳದಲ್ಲೇ ನಿಂತಿದ್ರಂತೆ.

ಬೀರ ದನಿ ಚೆನ್ನಾಗಿ ಸಿಗಲಿ ಅಂತ ತೆಂಗಿನಮರ ಹತ್ತಿ ತಂತಿ ಕಟ್ಟಿದ. ಆಗಲಿಲ್ಲ. ಹೊನ್ನ ಮದುವೆಮನೆಯ ಧ್ವನಿವರ್ಧಕ ತಂದು ಸಿಕ್ಕಿಸಿದ, ಸೊರ್ ಅನ್ನೋದೇ ಊರೆಲ್ಲ ಕೇಳ್ತು. ಆಮೇಲೆ ಮಾದೇವಿ ಪೆಟ್ಟಿಗೆ ಬಿಚ್ಚಿ, ಅಪ್ಪನ ದನೀಲಿ ಕಸುವಿಲ್ಲ, ಇರೋದನ್ನೂ ಈ ಹಳೇ ಟ್ರಾನ್ಸಿಸ್ಟರ್ ಹೀರ್ತಿದೆ ಅಂದು, ಅದನ್ನ ಕಿತ್ತು ಬೇರೆ ಜಾತೀದೊಂದು ಕೈಗೆತ್ತಿಕೊಂಡಳಂತೆ. ಹುಣಸೆಬೀಜಕ್ಕಿಂತ ಸಣ್ಣದು, ಅದಕ್ಕೆ ಮೂರು ತಂತಿಕಾಲು.

ಇದೇನು ಮಾಡ್ತದೆ ಮಗಾ, ಅಂದಳಂತೆ ಅವಳಮ್ಮ.

ಇದರೊಳಗೆ ಮರಳಿಂದ ಮಾಡಿದ ಒಂದು ಚೂರದೆ ಅಮ್ಮಾ. ಕರೆಂಟು ಈ ಕಾಲಿಂದ ಆ ಕಾಲಿಗೆ ಹೋಗಬೇಕು, ನಡುವೆ ದಾರಿ ಇಲ್ಲ. ಮೂರನೇದು ಗೇಟು, ಅದರಡಿ ಗಾಜಿನಂಥ ಪೊರೆ. ದನಿ ಗೇಟಿಗೆ ಬಂದು ನಿಂತ್ರೆ ಸಾಕು, ಪೊರೆ ದಾಟೋದಿಲ್ಲ. ಅದರ ಸೆಳೆತಕ್ಕೇ ಒಳಗಿನ ಕರೆಂಟಿನ ಕಣಗಳೆಲ್ಲ ಓಡಿಬಂದು ಪೊರೆಯಡಿ ಸಾಲುಗಟ್ತವೆ. ಅದೇ ದಾರಿ! ಬ್ಯಾಟರಿಯ ಕರೆಂಟು ಅದರಲ್ಲಿ ಹರೀತದೆ. ದನಿ ಏರಿದ್ರೆ ದಾರಿ ಅಗಲ, ಇಳಿದ್ರೆ ಕಿರಿದು, ಹಾಗಾಗಿ ಸಣ್ಣ ದನಿಯೇ ಬ್ಯಾಟರಿ ಬಲದಲ್ಲಿ ದೊಡ್ಡದಾಗಿ ಕೇಳ್ತದೆ.

ಮುಟ್ಟದೇನೇ? ಅಂತ ಅಮ್ಮ ಎದೆ ಮೇಲೆ ಕೈಯಿಟ್ಟಳಂತೆ.

ಮುಟ್ಟದೇನೇ ಅಮ್ಮಾ.

ಹೇಳ್ತಾ ಹೇಳ್ತಾ ಮಾದೇವಿಗೇ ಮೈ ಜುಮ್ಮಂತಂತೆ. ಎಷ್ಟು ಸಲ ಪುಸ್ತಕದಲ್ಲಿ ಓದಿದ್ಲೋ, ಅವತ್ತೇ ಅದು ಅವಳಿಗೆ ಕಂಡಿದ್ದು. ಬೆಸುಗೆ ಎರಡು ಸಲ ತಪ್ಪಿ, ಮೂರನೇ ಸಲ ಕೂತಿತಂತೆ.

ಸ್ವಿಚ್ಚು ಹಾಕಿದಳು. ಹಕ್ಕಿಬಂಡೆ ಹತ್ರ ಲಂಗರು ಹಾಕಿದ್ದೇನೆ, ಯಾರಾದ್ರೂ ಕೇಳಿಸ್ಕೊಳ್ಳಿ, ಅಂತ ಅಪ್ಪ ಪಕ್ಕದಲ್ಲೇ ಕೂತು ಹೇಳಿದ ಹಾಗೆ ಕೇಳಿಸ್ತಂತೆ! ಅಂಗಳದಲ್ಲಿದ್ದ ಜನ ದೋಣಿಗಳ ಕಡೆಗೆ ಓಡಿದ್ರು.

ಹೊತ್ತು ಮುಳುಗೋದ್ರೊಳಗೆ ಜಟ್ಟಪ್ಪ ಮನೇಲಿದ್ದ. ಕೂಗಿ ಕೂಗಿ ಗಂಟಲು ಕಟ್ಟಿತ್ತು ಕಣೇ, ಕೊನೆಗೆ ಪಿಸುಗುಟ್ಟಿದ್ದಷ್ಟೇ, ಅದ್ಯಾವ ಕಿವಿಗೆ ಬಿತ್ತು? ಅಂದನಂತೆ. ಅಮ್ಮ ಮಗಳನ್ನ ಮುಂದಕ್ಕೆ ತಳ್ಳಿದಳು. ಅವನು ಅವಳ ತಲೆ ಮೇಲೆ ಕೈಯಿಟ್ಟನಂತೆ. ಆಮೇಲೆ ಐದೂ ಜನ ಬಿಸಿ ಗಂಜಿ ಉಂಡು ಸುಖವಾಗಿದ್ರಂತೆ.

ಕತೆ ದಡ ಸೇರಿ ಮುಗೀತು, ಇನ್ನು ನೀನು ಕಣ್ಣು ಮುಚ್ಚು.