ನೋಯದ ಹಲ್ಲು

"ಹುಟ್ಟಿನಿಂದ ಬಾರದೆ, ಕಲಿತು ಬಂದ ತಾಳ್ಮೆ ಎಷ್ಟು ಕಾಲ ಬಾಳುತ್ತದೆ, ಗುರುಗಳೇ?" ಎಂದು ಮಹಾಲಿಂಗ ಕೇಳಿದ.

ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಬಂದ ಮೊದಲ ತಿಂಗಳು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಡುಗೆಯವನ ಮೇಲೆ ಕೈಯೆತ್ತಿದವನು. ಈಗ ಒಂದು ವರ್ಷದಿಂದ ಅವನ ದನಿ ಏರಿರಲಿಲ್ಲ. ಮುಂದಿನ ವಾರ ಮಠದ ವಿದ್ಯಾರ್ಥಿನಿಲಯದ ಹೊಣೆ ಅವನ ಕೈಗೆ ಬರಲಿತ್ತು, ನೂರು ಮಕ್ಕಳು.

"ಸಿಟ್ಟಿನ ಸುಳಿವೇ ಇಲ್ಲ. ಬೆಳಗಿನ ಧ್ಯಾನವನ್ನು ಇನ್ನು ಬಿಡಬಹುದಲ್ಲವೇ?"

ಗುರು ಕತೆ ಹೇಳಿದರು.

ಒಬ್ಬ ಭತ್ತದ ವ್ಯಾಪಾರಿ ಇದ್ದ. ಭತ್ತ ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಅವನು ಕಾಳು ಸುಲಿದು ದವಡೆಹಲ್ಲಿನಡಿ ಇಟ್ಟು ಕಡಿಯುತ್ತಿದ್ದ. ಕಟಕ್ಕೆಂದು ಮುರಿದರೆ ಒಣಗಿದೆ. ಮೆತ್ತಗೆ ಬಾಗಿದರೆ ಹಸಿ. ಮೂವತ್ತು ವರ್ಷ ಪೇಟೆಯಲ್ಲಿ ಅವನ ಹಲ್ಲಿನ ತೀರ್ಪನ್ನು ಯಾರೂ ಪ್ರಶ್ನಿಸಿರಲಿಲ್ಲ. ಒಂದು ದಿನ ಕಾಳಿನ ಜತೆ ಕಲ್ಲು ಸಿಕ್ಕಿತು. ಬಲದವಡೆಯ ಹಲ್ಲು ಬೇರಿನವರೆಗೆ ಸೀಳಿತು.

ದಂತವೈದ್ಯೆ ಸೀಳಿದ ಹಲ್ಲನ್ನು ತೆಗೆದು, ದವಡೆಯ ಮೂಳೆಯಲ್ಲಿ ಟೈಟಾನಿಯಂ ತಿರುಪು ನೆಟ್ಟಳು. ಮೂಳೆ ಅದನ್ನು ಬಿಗಿಹಿಡಿಯಲು ನಾಲ್ಕು ತಿಂಗಳು ಕಾದು, ಮೇಲೆ ಹಲ್ಲಿನ ಆಕಾರದ ಕವಚ ಕೂರಿಸಿದಳು.

"ಗ್ಯಾರಂಟಿ ಎಷ್ಟು ವರ್ಷ, ಡಾಕ್ಟ್ರಮ್ಮಾ?"

"ಕವಚ ಹತ್ತು ಹದಿನೈದು ವರ್ಷ ಬಂದೀತು, ಸವೆದರೆ ಬದಲಿಸಬಹುದು. ತಿರುಪು ನಿಮ್ಮ ಆಯುಷ್ಯದಷ್ಟೂ ಬಾಳಬಹುದು. ಆದರೆ ಲೋಹಕ್ಕಷ್ಟೇ ಕಂಪನಿಯ ಗ್ಯಾರಂಟಿ. ಒಸಡಿಗೆ, ಮೂಳೆಗೆ ನೀವೇ ಕೊಡಬೇಕು. ದಿನಕ್ಕೆರಡು ಸಲ ಮೆತ್ತನೆ ಬ್ರಷ್. ಮಲಗುವ ಮುಂಚೆ ಸಂದಿಗೆ ಸಣ್ಣ ಬ್ರಷ್. ಆರು ತಿಂಗಳಿಗೊಮ್ಮೆ ಇಲ್ಲಿಗೆ ಬನ್ನಿ. ಹೊಗೆಸೊಪ್ಪು ಬಿಡಿ."

"ಇಷ್ಟು ಉಪಚಾರ ನಾನು ಹೆಂಡತಿಗೂ ಮಾಡಿಲ್ಲ, ತಾಯಿ."

"ಹಾಗಾದರೆ ಇಬ್ಬರಿಗೂ ಇವತ್ತಿನಿಂದಲೇ ಶುರುಮಾಡಿ," ಎಂದಳು ವೈದ್ಯೆ.

ವ್ಯಾಪಾರಿ ನಗುತ್ತ ಪೇಟೆಗೆ ಮರಳಿದ. ಮೊದಲ ವಾರವೇ ಒಂದು ಸಂಗತಿ ತಿಳಿಯಿತು. ಹೊಸ ಹಲ್ಲಿಗೆ ಕಡಿಯಲು ಬರುತ್ತಿತ್ತು, ಅರಿಯಲು ಬರುತ್ತಿರಲಿಲ್ಲ. ಹಸಿ ಕಾಳು, ಒಣ ಕಾಳು ಎರಡೂ ಅದಕ್ಕೆ ಒಂದೇ. ಅದನ್ನು ನಂಬಿ ಹಸಿ ಭತ್ತ ತೂಗಿಸಿಕೊಂಡ. ಉಗ್ರಾಣದಲ್ಲಿ ಚೀಲಗಳು ಬಿಸಿಯೇರಿ ಮುಗ್ಗಲು ಹಿಡಿದವು. ಅಂದಿನಿಂದ ಪರೀಕ್ಷೆಯ ಕಾಳನ್ನು ಎಡದವಡೆಗೆ ದಾಟಿಸಿದ.

"ಈ ಹಲ್ಲು ಮೂಕ. ಕೆಲಸಕ್ಕೆ ಆದೀತು, ಸಾಕ್ಷಿಗೆ ಆಗದು," ಎಂದು ಹಮಾಲರ ಮುಂದೆ ಹೇಳಿದ.

ಅಷ್ಟು ತಿಳಿದವನಿಗೆ ಇಷ್ಟು ತಿಳಿಯಲಿಲ್ಲ. ಹೊಸ ಹಲ್ಲೊಂದನ್ನು ಬಿಟ್ಟು ಉಳಿದವನ್ನೆಲ್ಲ ಉಜ್ಜುತ್ತಿದ್ದ. ಲೋಹಕ್ಕೆ ಹುಳ ಹತ್ತದು ಎಂಬುದು ಅವನ ತರ್ಕ. ತರ್ಕ ಸರಿಯಾಗಿಯೇ ಇತ್ತು. ಆರು ತಿಂಗಳ ಭೇಟಿ ಸುಗ್ಗಿಯ ನೆಪದಲ್ಲಿ ತಪ್ಪಿತು, ಆಮೇಲೆ ನೆಪವಿಲ್ಲದೆಯೂ ತಪ್ಪಿತು. ಹೊಗೆಸೊಪ್ಪು ಕೆನ್ನೆಯಲ್ಲೇ ಉಳಿಯಿತು. ಪಕ್ಕದ ಹಳೆಯ ಹಲ್ಲು ಮಾತ್ರ ತಣ್ಣೀರು ತಗುಲಿದರೆ ಜುಮ್ಮೆನ್ನುತ್ತಿತ್ತು. ಅದಕ್ಕೆ ಲವಂಗದೆಣ್ಣೆ, ಉಪ್ಪುನೀರು, ಬೈಗುಳ ಎಲ್ಲವೂ ತಪ್ಪದೆ ಸಲ್ಲುತ್ತಿದ್ದವು.

ಎರಡು ವರ್ಷ ಕಳೆದ ಮೇಲೆ ಉಗುಳಿನಲ್ಲಿ ರಕ್ತ ಕಂಡಿತು. "ಸ್ವಲ್ಪ ಆ ಕಡೆ ತಿರುಗಿ ಮಾತಾಡಿ, ವಾಸನೆ," ಎಂದಳು ಹೆಂಡತಿ. ವ್ಯಾಪಾರಿ ತಪ್ಪಿತಸ್ಥನನ್ನು ಹುಡುಕುವ ಶ್ರಮ ತೆಗೆದುಕೊಳ್ಳಲಿಲ್ಲ. ಬಾಯಲ್ಲಿ ಅಳುತ್ತಿದ್ದವನು ಒಬ್ಬನೇ. ನೇರ ವೈದ್ಯೆಯ ಬಳಿಗೆ ಹೋದ.

"ಈ ಅಳುಬುರುಕನನ್ನು ಕಿತ್ತುಹಾಕಿ, ಪಕ್ಕದವನಂಥ ಇನ್ನೊಬ್ಬನನ್ನು ನಿಲ್ಲಿಸಿ. ಅವನು ಎರಡು ವರ್ಷದಲ್ಲಿ ಒಂದು ದಿನವೂ ತಕರಾರು ಹೇಳಿಲ್ಲ."

ವೈದ್ಯೆ ಎಕ್ಸ್‌ರೇ ತೆಗೆದಳು. ಅಳುವ ಹಲ್ಲಿನ ಮೇಲ್ಪದರ ಸವೆದಿತ್ತು, ಅಷ್ಟೇ; ಬೇರು ಗಟ್ಟಿಯಾಗಿತ್ತು. ಹೊಸ ಹಲ್ಲಿನ ಸುತ್ತ ಕಿಟ್ಟ ಕಟ್ಟಿ, ಒಸಡು ಕೀವುಗಟ್ಟಿ, ತಿರುಪನ್ನು ಹಿಡಿದ ಮೂಳೆಯಲ್ಲಿ ಕಾಲುಭಾಗ ಕರಗಿತ್ತು. ಹಾಗೆಯೇ ಬಿಟ್ಟಿದ್ದರೆ ಅದು ಒಂದು ದಿನ ತುತ್ತಿನೊಂದಿಗೆ ಹೊರಬರುತ್ತಿತ್ತು.

"ನೋವೇ ಇರಲಿಲ್ಲವಲ್ಲ," ಎಂದ ವ್ಯಾಪಾರಿ.

"ನೋಯಲು ಅದಕ್ಕೆ ನರ ಎಲ್ಲಿದೆ? ಹುಟ್ಟಿದ ಹಲ್ಲು ಕಷ್ಟ ಬಂದರೆ ಕೂಗಿ ಕರೆಯುತ್ತದೆ. ನೆಟ್ಟ ಹಲ್ಲು ಕರೆಯುವುದಿಲ್ಲ. ಕರೆಯದಿದ್ದರೂ ನೀವೇ ದಿನಾ ಹೋಗಿ ವಿಚಾರಿಸಬೇಕು."

ವ್ಯಾಪಾರಿ ಕುರ್ಚಿಯಿಂದ ಏಳಲಿಲ್ಲ. ಭತ್ತ ಒಣಗಿದೆ ಎಂದು ಆ ಹಲ್ಲು ಹೇಳಿದಾಗ ಅವನು ಮೋಸಹೋಗಿದ್ದು ಒಂದೇ ಸಲ. ತಾನು ಚೆನ್ನಾಗಿದ್ದೇನೆ ಎಂದು ಅದು ಹೇಳಿದ್ದನ್ನು ಎರಡು ವರ್ಷ ನಂಬಿದ್ದ.

ವೈದ್ಯೆ ಸುತ್ತಲಿನ ಕಿಟ್ಟ ಕೆರೆದು, ಒಸಡು ಶುದ್ಧಮಾಡಿದಳು. ಕರಗಿದ ಮೂಳೆ ಮರಳಿ ಬರಲಿಲ್ಲ. ಉಳಿದ ಮೂಳೆ ಉಳಿಯಿತು. ವ್ಯಾಪಾರಿ ಹೊಗೆಸೊಪ್ಪು ಬಿಟ್ಟ. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ, ನೋವಿಲ್ಲದ ಹಲ್ಲಿನ ಸುತ್ತ ಬ್ರಷ್ ಆಡಿಸುವುದನ್ನು ರೂಢಿಮಾಡಿಕೊಂಡ. ಅಳುಬುರುಕನೂ ತನ್ನ ಜಾಗದಲ್ಲೇ ಉಳಿದ. ಹೆಂಡತಿ ಈಗ ಆ ಕಡೆ ತಿರುಗಿ ಎನ್ನುವುದಿಲ್ಲ. ಇದೆಲ್ಲ ಆಗಿ ಹನ್ನೆರಡು ವರ್ಷವಾಯಿತು. ಜೋಳದ ರೊಟ್ಟಿಯನ್ನು ಎರಡೂ ದವಡೆಯಲ್ಲಿ ಅಗಿದು ಉಣ್ಣುತ್ತಾನೆ, ಸುಖವಾಗಿದ್ದಾನೆ.

ಗುರು ನಿಲ್ಲಿಸಿದರು. ಮಹಾಲಿಂಗನ ಮುಖದಲ್ಲಿ ಸಮಾಧಾನ ಕಂಡಿತು.

"ಆಮೇಲೂ ಹನ್ನೆರಡು ವರ್ಷ ನಿಂತ ಹಲ್ಲು. ಇನ್ನೆಷ್ಟು ಕಾಲ ಬಾಳೀತು, ಗುರುಗಳೇ?"

"ಇವತ್ತು ಬೆಳಿಗ್ಗೆ ಉಜ್ಜಿದ್ದರೆ, ರಾತ್ರಿಯವರೆಗೆ," ಎಂದರು ಗುರು.

ಮರುದಿನ ಬೆಳಿಗ್ಗೆ ಮಹಾಲಿಂಗ ಎಂದಿನಂತೆ ಧ್ಯಾನಕ್ಕೆ ಕುಳಿತ.