ನೇರಳೆ ಉದುರಿಸಿದವರು

"ಗುರುಗಳೇ, ತೆಗೆದುಕೊಳ್ಳುವವರು ಚಿಕ್ಕವರಾಗದಂತೆ ಕೊಡುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನು ಮಠದ ದಾಸೋಹದಲ್ಲಿ ಬಡಿಸುವವನು. ಕೆಲವು ದಿನಗಳಿಂದ ಒಬ್ಬ ಮುದುಕ ಊಟಕ್ಕೆ ಬರುತ್ತಿದ್ದ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅರ್ಧ ಉಂಡು ಎದ್ದುಬಿಡುತ್ತಿದ್ದ. ಎಷ್ಟು ಅಕ್ಕರೆಯಿಂದ ಬಡಿಸಿದರೂ ಅವನ ತಗ್ಗಿದ ತಲೆ ಮೇಲೇಳುತ್ತಿರಲಿಲ್ಲ. ಶಿಷ್ಯನಿಗೆ ಇದು ಒಳಗೇ ಕೊರೆಯುತ್ತಿತ್ತು.

ಗುರುಗಳು ಈ ಕತೆ ಹೇಳಿದರು.

ಒಂದು ನಗರದಲ್ಲಿ ಒಬ್ಬ ದರ್ಜಿಯಿದ್ದ. ಬಾಡಿಗೆ ಕೋಣೆಯಲ್ಲಿ ವಾಸ. ತನ್ನದೆನ್ನಲು ಒಂದು ಗಿಡವೂ ಇರಲಿಲ್ಲ. ಆದರೆ ಆ ನಗರದ ಹಳೆಯ ಬಡಾವಣೆಗಳಲ್ಲಿ ಮನೆಮನೆಗೂ ಮರಗಳಿದ್ದವು. ಮಾವು, ಹಲಸು, ನೇರಳೆ, ಬಾದಾಮಿ ಕಾಲಕಾಲಕ್ಕೆ ಫಲ ಬಿಡುತ್ತಿದ್ದವು. ಮರ ಹತ್ತಿ ಕೀಳುವವರಿಲ್ಲದೆ ಹಣ್ಣು ಬಿದ್ದು ಕೊಳೆಯುತ್ತಿತ್ತು. ಮನೆಯವರು ಗುಡಿಸಿ ಎಸೆಯುತ್ತಿದ್ದರು. ದರ್ಜಿಗೆ ಅದನ್ನು ನೋಡಿಕೊಂಡು ಸುಮ್ಮನಿರಲಾಗಲಿಲ್ಲ. ಒಬ್ಬ ಗುಮಾಸ್ತ, ಒಬ್ಬ ದಾದಿ, ಇನ್ನೊಬ್ಬ ಗೆಳೆಯ, ಇವರನ್ನು ಜೊತೆ ಮಾಡಿಕೊಂಡ. ಹಳೆಯ ಪರದೆಗಳನ್ನು ಸೇರಿಸಿ ಒಂದು ದೊಡ್ಡ ಬಟ್ಟೆ ಹೊಲಿದ. ಭಾನುವಾರ ಬಂತೆಂದರೆ ಮನೆಯವರ ಒಪ್ಪಿಗೆ ಕೇಳಿ, ಒಬ್ಬರು ಮರ ಹತ್ತಿ ಕೊಂಬೆ ಅಲುಗಿಸಿದರೆ ಉಳಿದವರು ಕೆಳಗೆ ಬಟ್ಟೆ ಹಿಡಿಯುತ್ತಿದ್ದರು. ಮನೆಯವರಿಗೆ ಬೇಕಾದಷ್ಟು ಕೊಟ್ಟು, ತಾವೂ ಸ್ವಲ್ಪ ತಿಂದು, ಉಳಿದದ್ದನ್ನು ನಿರ್ಗತಿಕರ ಆಶ್ರಮಕ್ಕೆ ಒಯ್ಯುತ್ತಿದ್ದರು. ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ. ಆದರೂ ಒಂದು ವಾರವೂ ತಪ್ಪಿಸಲಿಲ್ಲ.

ಆ ಆಶ್ರಮಕ್ಕೆ ತಂಗೆವ್ವ ಎಂಬ ಮುದುಕಿ ಹೊಸದಾಗಿ ಬಂದಳು. ಕಾಲು ಸೋಲುವವರೆಗೂ ತಲೆಯ ಮೇಲೆ ಬುಟ್ಟಿ ಹೊತ್ತು ತರಕಾರಿ ಮಾರಿದವಳು. ಆಶ್ರಮದ ಅನ್ನ ಅವಳಿಗೆ ಇಳಿಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ದಿನದಿನಕ್ಕೆ ಕ್ಷೀಣಿಸುತ್ತ ಬಂದಳು. ದರ್ಜಿ ಹಣ್ಣು ತಂದಾಗ ಅದನ್ನೂ ಮುಟ್ಟಲಿಲ್ಲ.

"ಬೇರೆಯವರು ಬೇಡವೆಂದು ಬಿಟ್ಟದ್ದು ನನಗೂ ಬೇಡ" ಎಂದಳು.

ದರ್ಜಿ ವಾದ ಮಾಡಲಿಲ್ಲ. ಮುಂದಿನ ಭಾನುವಾರ ಬರಿಗೈಯಲ್ಲಿ ಬಂದ. ಗೆಳೆಯ ಜ್ವರ ಬಂದು ಮಲಗಿದ್ದಾನೆ, ಬಟ್ಟೆ ಹಿಡಿಯಲು ಜನ ಸಾಲದು, ಬರುತ್ತೀರಾ ಎಂದು ಕೇಳಿದ. ತಂಗೆವ್ವ ಗೋಡೆಯಿಂದ ಇತ್ತ ತಿರುಗಿದಳು. ಆಮೇಲೆ ಎದ್ದು ಸೆರಗು ಸಿಕ್ಕಿಸಿಕೊಂಡಳು. ದಾದಿ ಕೈಹಿಡಿದು ಆಟೋ ಹತ್ತಿಸಿದಳು.

ಅವರು ಹೋದದ್ದು ಒಬ್ಬ ವ್ಯಾಪಾರಿಯ ಮನೆಗೆ. ಅಂಗಳದಲ್ಲಿ ದೊಡ್ಡ ನೇರಳೆ ಮರವಿತ್ತು. ಹಣ್ಣು ಬಿದ್ದು ನೆಲವೆಲ್ಲ ಕಲೆಯಾಗುತ್ತದೆಂದು ವ್ಯಾಪಾರಿ ಅದನ್ನು ಕಡಿಸಲು ಆಳುಗಳನ್ನು ಗೊತ್ತುಮಾಡಿದ್ದ. ಈ ಸಲದ ಫಸಲು ಇಳಿಸಿಕೊಳ್ಳುವವರೆಗೆ ತಡೆಯಿರಿ ಎಂದು ದರ್ಜಿ ಬೇಡಿಕೊಂಡಿದ್ದ. ವ್ಯಾಪಾರಿ ಒಪ್ಪಿದ್ದನಾದರೂ ಇವರ ಮೇಲೆ ನಂಬಿಕೆಯಿರಲಿಲ್ಲ. ಜಗಲಿಯ ಮೇಲೆ ಕೈಕಟ್ಟಿ ಕಾವಲು ನಿಂತ.

ಗುಮಾಸ್ತ ಮರ ಹತ್ತಿದ. ದರ್ಜಿ, ದಾದಿ, ತಂಗೆವ್ವ ಒಂದೊಂದು ತುದಿ ಹಿಡಿದರು. ನಾಲ್ಕನೆಯದನ್ನು ಕಿಟಕಿಯ ಸರಳಿಗೆ ಕಟ್ಟಿದರು. ಕೊಂಬೆ ಅಲುಗಿತು. ಹಣ್ಣಿನ ಭಾರಕ್ಕೆ ಗಂಟು ಬಿಚ್ಚಿಕೊಂಡು, ಬಟ್ಟೆ ಜಗ್ಗಿ ಹಣ್ಣು ನೆಲಕ್ಕೆ ಉರುಳತೊಡಗಿತು.

ತಂಗೆವ್ವ ಜಗಲಿಯತ್ತ ತಿರುಗಿ, "ನೋಡುತ್ತ ನಿಂತರೆ ಹೇಗೆ ಯಜಮಾನರೇ? ಬಂದು ಆ ತುದಿ ಹಿಡಿಯಿರಿ" ಎಂದಳು.

ಆ ಮನುಷ್ಯನಿಗೆ ಯಾರಾದರೂ ಹಾಗೆ ಕೆಲಸ ಹೇಳಿ ಎಷ್ಟೋ ವರ್ಷವಾಗಿತ್ತು. ಅವನು ಒಂದು ಕ್ಷಣ ತಡೆದ. ಬಳಿಕ ಚಪ್ಪಲಿಯನ್ನೂ ಮೆಟ್ಟದೆ ಇಳಿದು ಬಂದು ಹಿಡಿದ. ಇನ್ನೂ ಬಿಗಿಯಾಗಿ ಎಳೆಯಿರಿ ಎಂದು ಅವಳು ಗದರಿದಳು; ಎಳೆದ. ಹಣ್ಣು ಮಳೆಯಂತೆ ಸುರಿಯಿತು. ಅವನ ಬಿಳಿ ಪಂಚೆಯ ತುಂಬ ಕಲೆಯಾಯಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಕೆಲಸ ಮುಗಿದ ಮೇಲೆ ಎಲ್ಲರೂ ಜಗಲಿಯ ಮೇಲೆ ಕೂತರು. ತಂಗೆವ್ವ ಒಂದು ಹಣ್ಣನ್ನು ಸೆರಗಿನಲ್ಲಿ ಒರೆಸಿ ಬಾಯಿಗೆ ಹಾಕಿಕೊಂಡಳು. ಮತ್ತೊಂದು ತಿಂದಳು. ಪಕ್ಕದಲ್ಲಿ ವ್ಯಾಪಾರಿಯೂ ತಿಂದ. ನಿಮ್ಮ ಹೆಸರೇನು ತಾಯಿ ಎಂದು ಕೇಳಿದ. ಮರ ಕಡಿಯುವವರಿಗೆ ಬರಬೇಡಿ ಎಂದು ಹೇಳಿಕಳುಹಿಸಿದ.

ಅಂದು ಸಂಜೆ ತಂಗೆವ್ವ ಆಶ್ರಮದಲ್ಲಿ ತಾನೇ ಎಲ್ಲರಿಗೂ ಹಣ್ಣು ಹಂಚಿದಳು. ಎಲ್ಲಿಂದ ಬಂತು, ಯಾರು ಕೊಟ್ಟರು ಎಂದು ಕೇಳಿದರೆ, "ನಾವು ಉದುರಿಸಿದ್ದು" ಎಂದಳು. ರಾತ್ರಿ ಎಲ್ಲರೊಂದಿಗೆ ಕೂತು ಹೊಟ್ಟೆತುಂಬ ಉಂಡಳು. ಮುಂದೆ ಕೈಯಲ್ಲಿ ಶಕ್ತಿಯಿರುವಷ್ಟು ಕಾಲ, ಭಾನುವಾರ ಬಟ್ಟೆಯ ಒಂದು ತುದಿ ಅವಳದೇ ಆಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಇನ್ನೂ ಉತ್ತರಕ್ಕಾಗಿ ಕಾಯುತ್ತಿದ್ದ.

"ನಾಳೆ ಆ ಮುದುಕನನ್ನು ಊಟದ ಹೊತ್ತಿಗೆ ಕರೆಯಬೇಡ, ತರಕಾರಿ ಹೆಚ್ಚುವ ಹೊತ್ತಿಗೆ ಕರೆ" ಎಂದರು ಗುರುಗಳು.

ಮರುದಿನ ಬೆಳಿಗ್ಗೆ ಶಿಷ್ಯ ಅಡುಗೆಮನೆಯಲ್ಲಿ ಎರಡು ಈಳಿಗೆಮಣೆ ಇಟ್ಟು, ಮುದುಕನನ್ನು ಕರೆಯಲು ಹೊರಟ.